ಕರುಣೆಗೂ ತೂಕವಿದೆ

ಮೂರು ವರ್ಷಗಳ ಹಿಂದೆ ಒಂದು ಭಾನುವಾರ, ಬಲಿಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಹಿರಿಯ ದಂಪತಿಗಳು ದೇವಾಲಯದ ಬಾಗಿಲಲ್ಲಿ ನನಗಾಗಿ ಕಾದಿದ್ದರು. ಇಬ್ಬರೂ ನಿವೃತ್ತರು, ಮಕ್ಕಳು ದೂರದ ಊರುಗಳಲ್ಲಿದ್ದಾರೆ. ಬೆಂಗಳೂರಿನ ಹೊರವಲಯದ ಪ್ರಾಣಿಗಳ ಆಶ್ರಯಧಾಮವೊಂದರಲ್ಲಿ ಅವರು ಗ್ರೇಟ್ ಡೇನ್ ತಳಿಯ ನಾಯಿಯೊಂದನ್ನು ಕಂಡಿದ್ದರು. ಅದಕ್ಕೆ ಐದು ವರ್ಷ. ಕುತ್ತಿಗೆಯ ಮೂಳೆಗಳ ನಡುವೆ ನರ ಒತ್ತಿಹೋಗಿ ಹಿಂಗಾಲುಗಳು ಓಲಾಡುತ್ತಿದ್ದವು. ನಾಲ್ಕು ಹೆಜ್ಜೆ ಇಟ್ಟರೆ ಕುಸಿಯುತ್ತಿತ್ತು. ಸಾಕಿದವರು ಅದನ್ನು ರಸ್ತೆಬದಿಯ ಕಂಬಕ್ಕೆ ಕಟ್ಟಿ ಹೊರಟುಹೋಗಿದ್ದರಂತೆ.

"ಸ್ವಾಮಿ, ಅದನ್ನು ಮನೆಗೆ ಕರೆತರಬೇಕೆಂದಿದ್ದೇವೆ. ಬಡ ಮಕ್ಕಳಿಗೆ ಕೊಡಬಹುದಾದ ಹಣವನ್ನು ನಾಯಿಯ ಮೇಲೆ ಸುರಿಯುತ್ತೀರಾ ಎಂದು ಬಂಧುಗಳು ಕೇಳುತ್ತಿದ್ದಾರೆ. ನಾವು ಮಾಡುತ್ತಿರುವುದು ತಪ್ಪೇ?"

ಯೋಚಿಸಿ ಹೇಳುತ್ತೇನೆಂದು ಒಂದು ವಾರದ ಗಡುವು ಕೇಳಿದೆ. ಗಡುವು ಕೇಳಲು ನನ್ನದೇ ಆದ ಕಾರಣವೂ ಇತ್ತು. ನಾನು ಗುರುಮಠದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಅಲ್ಲೊಂದು ಅಲ್ಸೇಷಿಯನ್ ನಾಯಿಯಿತ್ತು. ಎಂಟು ವರ್ಷ ತೆಂಗಿನ ತೋಟವನ್ನು ಕಾದಿತ್ತು. ಆ ತಳಿಯಲ್ಲಿ ಸಾಮಾನ್ಯವಾಗಿ ಕಾಣುವಂತೆ ಅದರ ಸೊಂಟದ ಕೀಲು ಸವೆದು, ಕಡೆಗೆ ಏಳಲಾರದಾಯಿತು. ಒಂದು ಮುಂಜಾನೆ ನೋಡಿದರೆ ಅದು ಇರಲಿಲ್ಲ. ಜೀಪಿನಲ್ಲಿ ಕೊಂಡೊಯ್ದು ಸಂತೆಮಾಳದ ಬಳಿ ಬಿಟ್ಟುಬಂದರೆಂಬುದು ನಮಗೆಲ್ಲ ಗೊತ್ತಿತ್ತು. ಒಬ್ಬನೂ ಬಾಯಿ ತೆರೆಯಲಿಲ್ಲ. ಆ ವರ್ಷ ನೀತಿಶಾಸ್ತ್ರದಲ್ಲಿ ನನಗೆ ಒಳ್ಳೆಯ ಅಂಕಗಳು ಬಂದವು.

ಬಂಧುಗಳ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಎರಡು ಮಾತುಗಳನ್ನು ಒಂದರ ಬದಿಗೆ ಒಂದನ್ನಿಡುತ್ತದೆ. ಪ್ರಾಣಿಗಳನ್ನು ವೃಥಾ ನರಳಿಸುವುದು ಮಾನವ ಘನತೆಗೆ ತಕ್ಕುದಲ್ಲ ಎಂಬುದು ಒಂದು. ಮಾನವರ ಸಂಕಟ ನಿವಾರಣೆಗೆ ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳಿಗೆ ವ್ಯಯಿಸುವುದೂ ತಕ್ಕುದಲ್ಲ ಎಂಬುದು ಇನ್ನೊಂದು. ಹಾಗಾದರೆ ನಾವು ಕೇಳಬೇಕಾದ ಪ್ರಶ್ನೆ, ಈ ಹಣ ಯಾರ ತಟ್ಟೆಯಿಂದ ಬರುತ್ತಿದೆ ಎಂಬುದು. ಬಡ ಮಗುವಿನ ಶಾಲಾ ಶುಲ್ಕದಿಂದ ಕಡಿತವಾಗಿ ಬರುವುದಾದರೆ ಅದು ತಪ್ಪು. ನಮ್ಮ ಸ್ವಂತ ಸುಖದಿಂದ ಕಡಿತವಾಗಿ ಬರುವುದಾದರೆ, ಬಡವರ ಹೆಸರೆತ್ತಿ ಅದನ್ನು ತಡೆಯುವ ಹಕ್ಕು ಯಾರಿಗಿದೆ? ಈ ದಂಪತಿಗಳು ಇಬ್ಬರು ಮಕ್ಕಳ ಶುಲ್ಕವನ್ನು ಸದ್ದಿಲ್ಲದೆ ಕಟ್ಟುತ್ತಿದ್ದರು. ಅದನ್ನು ನಿಲ್ಲಿಸದೆ, ವರ್ಷಕ್ಕೊಮ್ಮೆ ಹೋಗುತ್ತಿದ್ದ ಪ್ರವಾಸವನ್ನು ಬಿಡಲು ಸಿದ್ಧರಾಗಿದ್ದರು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಈ ನಾಯಿಯ ದುಃಸ್ಥಿತಿಯಲ್ಲಿ ಮನುಷ್ಯನ ಪಾಲು ದೊಡ್ಡದು. ಭಾರೀ ಗಾತ್ರದ ತಳಿಗಳನ್ನು ನಮ್ಮ ಮೆಚ್ಚುಗೆಗಾಗಿ ಬೆಳೆಸಿದವರು ನಾವು. ಮುದ್ದಾದ ಮರಿಯನ್ನು ಹಣ ಕೊಟ್ಟು ತಂದು, ಅದು 50 ಕಿಲೋ ಮೀರಿ ಬೆಳೆದು ಕಾಯಿಲೆ ಬಿದ್ದಾಗ ಬೀದಿಗೆ ಬಿಡುವವರೂ ನಮ್ಮವರೇ. ಹೀಗೆ ತೊರೆಯುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಅಪರಾಧವೆನ್ನುತ್ತದೆ. ಆದರೆ ಮೊದಲ ಅಪರಾಧಕ್ಕೆ ಅದು ಗೊತ್ತುಪಡಿಸಿದ ದಂಡ 10ರಿಂದ 50 ರೂಪಾಯಿ. ಹೀಗಿರುವಾಗ ಅಂಥ ನಾಯಿಯನ್ನು ಮನೆಗೆ ತರುವುದು ದಾನಕ್ಕಿಂತ ಹೆಚ್ಚಾಗಿ ಋಣ ತೀರಿಸಿದಂತೆ. ಸಾಲ ಮಾಡಿದವನೊಬ್ಬ, ತೀರಿಸುವವನು ಇನ್ನೊಬ್ಬ. ಕರುಣೆಯ ಲೆಕ್ಕವೇ ಹಾಗೆ.

ಉಪಯೋಗಕ್ಕೆ ಬಾರದ ಪ್ರಾಣಿಗೆ ಬೆಲೆಯುಂಟೇ? ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯ ಸಂತ ಬರ್ನಾರ್ಡರ ಮಹಾಕಣಿವೆಯಲ್ಲಿ, ಸುಮಾರು 2,470 ಮೀಟರ್ ಎತ್ತರದಲ್ಲಿ, ದಾರಿಹೋಕರಿಗಾಗಿ ಗುರುಗಳು ನಡೆಸುವ ಪುರಾತನ ಛತ್ರವಿದೆ. ಸೇಂಟ್ ಬರ್ನಾರ್ಡ್ ತಳಿಗೆ ಹೆಸರು ಬಂದದ್ದು ಅಲ್ಲಿಂದಲೇ. ಅಲ್ಲಿ 1800ರಲ್ಲಿ ಹುಟ್ಟಿದ ಬ್ಯಾರಿ ಎಂಬ ನಾಯಿ ಹಿಮದಲ್ಲಿ ಸಿಲುಕಿದ ನಲವತ್ತಕ್ಕೂ ಹೆಚ್ಚು ಜನರ ಪ್ರಾಣ ಉಳಿಸಿತೆಂದು ಪ್ರತೀತಿ. ಅದಕ್ಕೆ ವಯಸ್ಸಾದಾಗ ಆ ಗುರುಗಳು ಅದನ್ನು ಹಿಮಕ್ಕೆ ಬಿಡಲಿಲ್ಲ. 1812ರಲ್ಲಿ ಬರ್ನ್ ನಗರಕ್ಕೆ ಕಳುಹಿಸಿ, 1814ರಲ್ಲಿ ಸಾಯುವವರೆಗೂ ಅಲ್ಲಿ ನೆಮ್ಮದಿಯಿಂದಿರುವಂತೆ ಏರ್ಪಾಡು ಮಾಡಿದರು. ಈ ಕಥೆಯನ್ನು ಓದಿದಾಗಲೆಲ್ಲ ನನಗೆ ನಮ್ಮ ಜೀಪು ನೆನಪಾಗುತ್ತದೆ.

ಆದರೂ ಮುಂದಿನ ಭಾನುವಾರ ನಾನು ಆ ದಂಪತಿಗಳಿಗೆ ಕೂಡಲೇ ಕರೆತನ್ನಿ ಎನ್ನಲಿಲ್ಲ. ಕನಿಕರ ಹುಟ್ಟಲು ಒಂದು ಕ್ಷಣ ಸಾಕು. ಭಾರ ಹೊರಬೇಕಾದದ್ದು ಪ್ರತಿದಿನ. ಆ ನಾಯಿಯ ಹೊಟ್ಟೆಯಡಿ ದಪ್ಪ ಟವೆಲ್ ಹಾಯಿಸಿ ದಿನಕ್ಕೆ ನಾಲ್ಕಾರು ಬಾರಿ ಎತ್ತಬೇಕು. ಕುತ್ತಿಗೆಗೆ ಪಟ್ಟಿ ಕಟ್ಟುವಂತಿಲ್ಲ. ಎದೆಯನ್ನು ಬಳಸಿ ಕಟ್ಟುವ ಪಟ್ಟಿ ಬೇಕು. ನುಣುಪಾದ ನೆಲಕ್ಕೆಲ್ಲ ರಬ್ಬರಿನ ಚಾಪೆ ಹಾಸಬೇಕು. ಮಲಗಿದಲ್ಲೇ ಮಲಗಿ ಹುಣ್ಣಾಗದಂತೆ ಮಗ್ಗುಲು ಬದಲಿಸಬೇಕು; ಒದ್ದೆಯಾದ ಹಾಸಿಗೆಯನ್ನು ಮುಖ ಸಿಂಡರಿಸದೆ ಒಗೆಯಬೇಕು. "ನಿಮ್ಮಲ್ಲೊಬ್ಬರು ಕಾಯಿಲೆ ಬಿದ್ದರೆ ಎತ್ತುವವರು ಯಾರು? ತಿಂಗಳಾದ ಮೇಲೆ ಹಿಂದಿರುಗಿಸಿದರೆ ಅದು ಎರಡನೆಯ ಬಾರಿ ಅನಾಥವಾಗುತ್ತದೆ. ಮೊದಲು ಅಲ್ಲಿಗೇ ಹೋಗಿ ಎತ್ತಿ ನೋಡಿ" ಎಂದೆ.

ಮೂರು ವಾರ ಅವರು ದಿನ ಬಿಟ್ಟು ದಿನ ಹೋಗಿ ಎತ್ತಿದರು. ಕಡೆಗೆ ಆ ತಾಯಿ ನನ್ನ ಬಳಿ ಬಂದು, "ಸ್ವಾಮಿ, ನನ್ನ ಸೊಂಟ ಒಪ್ಪುತ್ತಿಲ್ಲ" ಎಂದು ಕಣ್ಣೀರಿಟ್ಟರು. ಆ ಸತ್ಯದ ಮುಂದೆ ನನ್ನ ಉಪದೇಶಗಳೆಲ್ಲ ಸಣ್ಣವೆನಿಸಿದವು. ತನ್ನ ಶಕ್ತಿಯ ಮಿತಿಯನ್ನು ಒಪ್ಪಿಕೊಳ್ಳುವುದೂ ಪ್ರೀತಿಯ ಒಂದು ರೂಪವೇ. ಕರೆತರಲಾಗದವರು ಆಶ್ರಯಧಾಮದಲ್ಲೇ ಅದರ ಔಷಧದ ವೆಚ್ಚ ಭರಿಸಬಹುದು, ವಾರಕ್ಕೊಮ್ಮೆ ಹೋಗಿ ಮೈ ತೊಳೆಯಬಹುದು. ಅದರಲ್ಲಿ ಅವಮಾನವೇನಿಲ್ಲ. ಆದರೆ ಅವರ ಬೀದಿಯ ನರ್ಸಿಂಗ್ ವಿದ್ಯಾರ್ಥಿಯೊಬ್ಬ ವಿಷಯ ತಿಳಿದು, ಬೆಳಿಗ್ಗೆ ಸಂಜೆ ತಾನು ಬರುವೆನೆಂದ. ನಾಯಿ ಮನೆಗೆ ಬಂತು.

ಅದು ಬದುಕಿದ್ದು ಒಂದು ವರ್ಷ ಎರಡು ತಿಂಗಳು. ಒಂದು ಸಂಜೆ ಮನೆಭೇಟಿಗೆ ಹೋಗಿದ್ದೆ. ಹುಡುಗ ಇನ್ನೂ ಬಂದಿರಲಿಲ್ಲ. ಮನೆಯ ಯಜಮಾನರು ಟವೆಲನ್ನು ನಾಯಿಯ ಹೊಟ್ಟೆಯಡಿ ಹಾಯಿಸಿ, ಸಂಕೋಚದಿಂದ, "ಸ್ವಾಮಿ, ಆ ತುದಿಯನ್ನು ಸ್ವಲ್ಪ ಹಿಡಿಯುತ್ತೀರಾ?" ಎಂದರು. ಹಿಡಿದೆ. ನಾನೆಣಿಸಿದ್ದಕ್ಕಿಂತ ಭಾರವಿತ್ತು. ನಾಯಿ ನಿಧಾನವಾಗಿ ಎದ್ದು, ನಡುಗುತ್ತ, ಅಂಗಳದ ನುಗ್ಗೆಮರದವರೆಗೆ ನಡೆಯಿತು. ಅದರ ಎರಡು ಬದಿಯಲ್ಲಿ ನಾವಿಬ್ಬರೂ ನಡೆದೆವು. ಗುರುಮಠದಲ್ಲಿ ಅಂದು ನಾವು ನಲವತ್ತು ಮಂದಿ ಯುವಕರಿದ್ದೆವು. ಒಂದು ಟವೆಲು ಹಿಡಿಯಲು ಇಬ್ಬರು ಸಾಕಿತ್ತು.