ಕಸ ಅಂತ ಹೆಸರಿಟ್ಟವರು ಯಾರು?

ಹೊರಮಾವಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಸಕ್ಕೆ ಎರಡು ಜಾತಿ: ಹಸಿ, ಒಣ. ಯಾವುದನ್ನು ಯಾವ ಡಬ್ಬಿಗೆ ಹಾಕಬೇಕು ಅನ್ನೋದರ ಮೇಲೆ ದೊಡ್ಡ ಜಗಳಗಳೇ ಆಗುತ್ತವೆ. ಆದರೆ ಒಂದು ವಸ್ತು ಕಸ ಆಗೋದು ಯಾವಾಗ, ಹಾಗಂತ ತೀರ್ಮಾನ ಮಾಡೋರು ಯಾರು ಅಂತ ಯಾರೂ ಕೇಳುವುದಿಲ್ಲ. ನನಗೆ ಈ ಪ್ರಶ್ನೆ ಕಾಡಿದ್ದು ಕುರಿ ಉಣ್ಣೆಯಿಂದ.

ನಮ್ಮೂರು ಚಳ್ಳಕೆರೆ ಕಡೆ. ಅಲ್ಲಿನ ಕರಿ ಕಂಬಳಿ ಹೆಸರುವಾಸಿ. ಡೆಕ್ಕನಿ ಕುರಿಯ ಒರಟು ಉಣ್ಣೆ ನೂತು, ಹುಣಸೆ ಬೀಜದ ಗಂಜಿ ಕೊಟ್ಟು ನೇಯ್ದ ಕಂಬಳಿ ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ರಾತ್ರಿಗೆ ಹಾಸಿಗೆ, ಹಬ್ಬಕ್ಕೆ ದೇವರ ಗದ್ದುಗೆ. ಈಗಿನವರು ‘ಫಂಕ್ಷನಲ್ ಟೆಕ್ಸ್‌ಟೈಲ್’ ಅನ್ನೋದು ಇಂಥದ್ದನ್ನೇ, ಅಂದರೆ ಇಂಥ ಕೆಲಸಕ್ಕೆ ಅಂತಲೇ ಮಾಡಿದ ಬಟ್ಟೆ. ಆಮೇಲೆ ಅಗ್ಗದ ಮಿಲ್ ರಗ್ಗು ಬಂತು, ಮಾಂಸದ ಬೆಲೆ ಏರಿತು, ಉಣ್ಣೆ ಕೊಡದ ತಳಿಗಳು ಮಂದೆ ಸೇರಿದವು. ಇವತ್ತು ಎಷ್ಟೋ ಕಡೆ ಕುರಿಗೆ ಕತ್ತರಿ ಹಾಕಿಸಿದ ಕೂಲಿಯೂ ಉಣ್ಣೆಯಿಂದ ಹುಟ್ಟಲ್ಲ. ಕತ್ತರಿಸಿದ್ದನ್ನು ಬೇಲಿ ಪಕ್ಕ ಬಿಟ್ಟು ಮಂದೆ ಮುಂದಕ್ಕೆ ಹೋಗುತ್ತೆ.

ಉಣ್ಣೆಯ ಗುಣ ಮಾತ್ರ ಹಾಗೇ ಇದೆ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಬೆಂಕಿ ಬೇಗ ಹಿಡಿಯಲ್ಲ. ಸದ್ದು ಹೀರುತ್ತದೆ. ಒರಟು ಉಣ್ಣೆ ಸ್ವೆಟರ್ ಮಾಡಿದರೆ ಮೈಗೆ ಚುಚ್ಚುತ್ತೆ, ನಿಜ. ಆದರೆ ಅದನ್ನು ನೂಲದೆಯೇ ಮುಳ್ಳುಸೂಜಿಗಳಿಂದ ಚುಚ್ಚಿ ಚುಚ್ಚಿ, ಎಳೆಗೆ ಎಳೆ ಸಿಕ್ಕಿಸಿದರೆ ದಪ್ಪ ಫೆಲ್ಟ್ ಸಿಗುತ್ತದೆ. ಅದು ಸದ್ದು ತಡೆಯಲು ಗೋಡೆಗೂ, ಶಾಖ ತಡೆಯಲು ಚಾವಣಿಗೂ, ತೇವ ಉಳಿಸಲು ಗಿಡದ ಬುಡಕ್ಕೂ ಆದೀತು. ಮಣ್ಣಲ್ಲಿ ಕರಗಿದರೆ ಸಾರಜನಕ. ಹಳೇ ಉಣ್ಣೆ ಬಟ್ಟೆಯನ್ನು ಚಿಂದಿ ಮಾಡಿ ಮತ್ತೆ ನೂಲುವ ವಿದ್ಯೆಯನ್ನು 1813ರಲ್ಲೇ ಇಂಗ್ಲೆಂಡಿನ ಬ್ಯಾಟ್ಲಿಯಲ್ಲಿ ಬೆಂಜಮಿನ್ ಲಾ ಶುರು ಮಾಡಿದ್ದ. ಹರಿಯಾಣದ ಪಾಣಿಪತ್‌ನಲ್ಲಿ ಅದು ಇಂದಿಗೂ ದೊಡ್ಡ ಉದ್ಯಮ.

ಹಾಗಾದರೆ ನಮ್ಮ ಉಣ್ಣೆಯನ್ನೂ ಹೀಗೇ ಬಳಸಿದರಾಯ್ತಲ್ಲ? ಬಳಸಲಿ. ಆದರೆ ‘ತ್ಯಾಜ್ಯ’ ಅನ್ನೋ ಪದದ ಬಗ್ಗೆ ನನಗೆ ತಕರಾರಿದೆ. ಅದು ವಸ್ತುವಿನ ಗುಣ ಹೇಳೋದಿಲ್ಲ, ರೇಟು ಹೇಳುತ್ತದೆ, ಸೊನ್ನೆ ಅಂತ. ಪುಕ್ಕಟೆ ಬಂದ ಉಣ್ಣೆ ಫೆಲ್ಟಾಗಿ, ರಿಂಗ್ ರೋಡಿನ ಆಫೀಸಿನ ಗೋಡೆ ಹತ್ತಿ, ‘ಪರಿಸರ ಸ್ನೇಹಿ’ ಅಂತ ಚೀಟಿ ಅಂಟಿಸಿಕೊಂಡಾಗ, ಆ ಹೆಚ್ಚಿದ ಬೆಲೆ ಯಾರದ್ದು?

ಸಹೋದ್ಯೋಗಿಯೊಬ್ಬ ಕೇಳಿದ: “ಎಸೆದಿದ್ದನ್ನ ಎತ್ಕೊಂಡ್ರೆ ತಪ್ಪೇನು ಮಗಾ? ತೊಳೆಯೋದು, ಮುಳ್ಳು ಆರಿಸೋದು, ಮಿಷನ್ನು, ಎಲ್ಲಾ ಖರ್ಚೂ ಅವರದ್ದೇ ಅಲ್ವಾ?”

ಮಾತು ಸುಳ್ಳಲ್ಲ. ಕೊಳೆ, ಮುಳ್ಳು ತುಂಬಿದ ಉಣ್ಣೆ ಹಸನು ಮಾಡೋದು ಸಣ್ಣ ಕೆಲಸವೇನಲ್ಲ, ಆ ದುಡಿಮೆಗೆ ಲಾಭ ಬರಲೇಬೇಕು. ಆದರೆ ಕುರಿಯವರು ಅದನ್ನು ಬಿಟ್ಟುಹೋದದ್ದು ಬೇಡ ಅಂತಲ್ಲ, ಕೊಳ್ಳೋರಿಲ್ಲ ಅಂತ. ಬೇಡವಾದದ್ದನ್ನು ಎತ್ತಿಕೊಂಡರೆ ಲೆಕ್ಕ ಅಲ್ಲಿಗೆ ಮುಗಿಯುತ್ತೆ. ಗತಿಯಿಲ್ಲದೆ ಬಿಟ್ಟದ್ದನ್ನು ಎತ್ತಿಕೊಂಡರೆ ಋಣ ಉಳಿಯುತ್ತೆ.

ನಮ್ಮ ಕಡೆ ಹೊಲದಲ್ಲಿ ರಾತ್ರಿ ಕುರಿ ಮಂದೆ ನಿಲ್ಲಿಸುತ್ತಾರೆ. ಬೆಳಗ್ಗೆ ಅಲ್ಲಿ ಉಳಿಯೋದು ಬರೀ ಹಿಕ್ಕೆ, ಗಂಜಲ. ಆದರೂ ಹೊಲದವರು ಕುರಿಯವರಿಗೆ ಕಾಳೋ ಕಾಸೋ ಕೊಟ್ಟು ಕಳಿಸುತ್ತಾರೆ. ಕುರಿಗೆ ಬೇಡದ್ದು ಹೊಲಕ್ಕೆ ಬೇಕು, ಬೇಕಾದ್ದಕ್ಕೆ ಬೆಲೆ ಇದೆ ಅಂತ ಅವರಿಗೆ ಗೊತ್ತು. ಹಿಕ್ಕೆಗೇ ಬೆಲೆ ಕಟ್ಟಿದ ಜನ ನಾವು. ಉಣ್ಣೆಗೆ ಕತ್ತರಿ ಕೂಲಿ ಗಿಟ್ಟುವಷ್ಟಾದರೂ ಕೊಟ್ಟು, ಆಮೇಲೆ ಆ ಚೀಟಿ ಅಂಟಿಸೋಣ.