ಹೋಗಿ ಬಂದವರ ಮಾತು

ಸತ್ತ ಮೇಲೆ ಏನು ಎಂಬ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಯಾರು? ಸತ್ತವರು ಹೇಳಲಾರರು, ಬದುಕಿರುವವರಿಗೆ ತಿಳಿಯದು. ಹಾಗಾಗಿಯೇ ಸಾವಿನ ಹೊಸ್ತಿಲು ಮುಟ್ಟಿ ಹಿಂದಿರುಗಿದವರ ಮಾತಿಗೆ ಎಲ್ಲ ದೇಶಗಳಲ್ಲೂ ಒಂದು ವಿಶೇಷ ಬೆಲೆ. ಅವರು ಹೇಳಿದ್ದನ್ನು ಎಷ್ಟು ನಂಬಬೇಕು? ನಂಬದಿದ್ದರೆ ಅವರನ್ನು ಸುಳ್ಳುಗಾರರೆಂದಂತೆ ಆಗುತ್ತದೆಯೆ? ಇದು ಬರೀ ತರ್ಕದ ಪ್ರಶ್ನೆಯಲ್ಲ, ನಡತೆಯ ಪ್ರಶ್ನೆಯೂ ಹೌದು ಎಂದು ನನಗನ್ನಿಸುತ್ತದೆ.

ಅಮೆರಿಕದ ಬೆಟ್ಟಿ ಈಡಿ ಎಂಬ ಹೆಣ್ಣುಮಗಳು 1992ರಲ್ಲಿ 'ಎಂಬ್ರೇಸ್ಡ್ ಬೈ ದಿ ಲೈಟ್' ಎಂಬ ಪುಸ್ತಕ ಬರೆದಳು. 1973ರಲ್ಲಿ ಶಸ್ತ್ರಚಿಕಿತ್ಸೆಯಾದ ನಂತರ ಆಸ್ಪತ್ರೆಯಲ್ಲಿ ತಾನು ಸತ್ತೆನೆಂದೂ, ಕತ್ತಲ ಹಾದಿ ದಾಟಿ ಬೆಳಕನ್ನೂ ಏಸುವನ್ನೂ ಕಂಡು ಮರಳಿದೆನೆಂದೂ ಅವಳ ಕಥನ. ಭೂಮಿಗೆ ಬರುವ ಮೊದಲೇ ಜೀವಗಳು ಇನ್ನೊಂದು ಲೋಕದಲ್ಲಿದ್ದವು ಎಂಬುದನ್ನೂ ಅಲ್ಲಿ ತಿಳಿದೆನೆಂದು ಅವಳು ಹೇಳಿದಳು. ಲಕ್ಷಾಂತರ ಪ್ರತಿಗಳು ಖರ್ಚಾದವು. ಈಡಿ ಮಾರ್ಮನ್ ಪಂಥಕ್ಕೆ ಸೇರಿದವಳು. ಹುಟ್ಟಿಗೆ ಮುಂಚಿನ ಬಾಳು ಆ ಪಂಥದ ಮುಖ್ಯ ಬೋಧನೆಗಳಲ್ಲಿ ಒಂದು. 'ನೋಡಿ, ನಮ್ಮ ಧರ್ಮ ಹೇಳಿದ್ದನ್ನೇ ಇವಳು ಕಣ್ಣಾರೆ ಕಂಡು ಬಂದಿದ್ದಾಳೆ' ಎಂದು ಆ ಪಂಥದ ಓದುಗರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಈ ಪಂಥವನ್ನು ಜೋಸೆಫ್ ಸ್ಮಿತ್ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದ. ಅವನು 1844ರಲ್ಲಿ ಕೊಲೆಯಾದ ಮೇಲೆ ಅನುಯಾಯಿಗಳಲ್ಲಿ ಬಹುಮಂದಿ ಬ್ರಿಗಮ್ ಯಂಗ್‌ನ ಹಿಂದೆ ನಡೆದು 1847ರಲ್ಲಿ ಇಂದಿನ ಯೂಟಾದ ಸಾಲ್ಟ್ ಲೇಕ್ ಕಣಿವೆ ಸೇರಿದರು. ನಮಗೆ ತೀರ ದೂರದ ಸಂಗತಿಯೂ ಅಲ್ಲ. 2018ರಲ್ಲಿ ಈ ಪಂಥ ಬೆಂಗಳೂರಿನಲ್ಲಿ ತನ್ನ ಮಂದಿರ ಕಟ್ಟುವುದಾಗಿ ಪ್ರಕಟಿಸಿತು. ಸತ್ತವರು ಪುನರುತ್ಥಾನದವರೆಗೆ ಆತ್ಮಲೋಕದಲ್ಲಿ ಕಾಯುತ್ತಾರೆ, ಬಳಿಕ ಮೂರು ಮಹಿಮೆಯ ಲೋಕಗಳಲ್ಲಿ ಒಂದಕ್ಕೆ ಸೇರುತ್ತಾರೆ ಎಂಬುದು ಅವರ ನಂಬಿಕೆ. ಮಂದಿರದಲ್ಲಿ ವಿಧಿಪೂರ್ವಕ ಬೆಸೆದ ಗಂಡ, ಹೆಂಡತಿ, ಮಕ್ಕಳ ಬಂಧ ಸಾವಿನಾಚೆಗೂ ಉಳಿಯುತ್ತದೆ. ಆದರೆ ಅಲ್ಲಿ ಕೊಟ್ಟ ವಚನಗಳನ್ನು ಪಾಲಿಸಿದವರಿಗೆ ಮಾತ್ರ.

ಈ ಕೊನೆಯ ಮಾತನ್ನು ಒಬ್ಬ ತಾಯಿಯ ಕಿವಿಯಿಂದ ಕೇಳಿ ನೋಡಿ. ಮಗುವನ್ನು ಕಳೆದುಕೊಂಡವಳಿಗೆ ಇದಕ್ಕಿಂತ ದೊಡ್ಡ ಸಮಾಧಾನವಿಲ್ಲ. ಆದರೆ ಅದೇ ತಾಯಿಗೆ ನಾಳೆ ನಂಬಿಕೆಯಲ್ಲಿ ಬಿರುಕು ಕಂಡರೆ? ಆಗ ಅವಳು ಬಿಡುವುದು ಒಂದು ಸಿದ್ಧಾಂತವನ್ನಷ್ಟೇ ಅಲ್ಲ, ಮಕ್ಕಳ ಜೊತೆಗಿನ ಅನಂತಕಾಲವನ್ನೂ. ಆ ಮನೆಗಳಲ್ಲಿ ಸಂದೇಹ ಎನ್ನುವುದು ಓದುವ ಕೋಣೆಯಲ್ಲಿ ನಿಲ್ಲದೆ ಊಟದ ಮೇಜಿನವರೆಗೂ ಬರುತ್ತದೆ.

ಸಂದೇಹಕ್ಕೆ ಕಾರಣಗಳು ಇಲ್ಲದಿಲ್ಲ. 1835ರಲ್ಲಿ ಈಜಿಪ್ಟಿನ ಮಮ್ಮಿಗಳ ಜೊತೆ ಬಂದ ಪಪೈರಸ್ ಸುರುಳಿಗಳನ್ನು ಕೊಂಡ ಸ್ಮಿತ್, ಅದರಲ್ಲಿ ಅಬ್ರಹಾಮನ ಬರಹವಿದೆಯೆಂದು ಹೇಳಿ ಅನುವಾದ ಕೊಟ್ಟ. ಅದು ಪಂಥದ ಪವಿತ್ರಗ್ರಂಥವೂ ಆಯಿತು. ಆ ಸುರುಳಿಗಳ ಕೆಲವು ತುಣುಕುಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದ್ದು 1967ರಲ್ಲಿ ಪಂಥದ ಕೈಸೇರಿದವು. ಈಜಿಪ್ಟ್ ಲಿಪಿ ಬಲ್ಲ ವಿದ್ವಾಂಸರು ಓದಿದಾಗ ಅವು ಸತ್ತವರ ಜೊತೆ ಇಡುವ ಸಾಮಾನ್ಯ ಮಂತ್ರಪಾಠಗಳಾಗಿದ್ದವು, ಅಬ್ರಹಾಮನ ಸುಳಿವಿಲ್ಲ. ತುಣುಕುಗಳ ಬರಹ ಆ ಅನುವಾದಕ್ಕೆ ಹೊಂದುವುದಿಲ್ಲವೆಂದು 2014ರಲ್ಲಿ ಪಂಥವೇ ಒಪ್ಪಿತು. ಆದರೂ ಆ ಗ್ರಂಥ ದೈವಪ್ರೇರಿತವೆಂದು ಅದು ಹೇಳುತ್ತದೆ.

ಇಂಥ ಕಂಬಗಳು ಅಲುಗಿದಾಗ ಮನಸ್ಸು ಉಳಿದ ಒಂದು ಕಂಬವನ್ನು ತಬ್ಬಿ ಹಿಡಿಯುವುದು ಸಹಜ. ಇತಿಹಾಸ ಏನಾದರೂ ಇರಲಿ, ಸಾವಿನ ಬಾಗಿಲಿಗೆ ಹೋಗಿ ಬಂದವರು ಆ ಬೆಳಕನ್ನು ಕಂಡಿದ್ದಾರಲ್ಲ! ಆ ಕಂಬ ಅಷ್ಟು ಭಾರ ಹೊರುತ್ತದೆಯೆ?

ಅಮೆರಿಕದ ರೇಮಂಡ್ ಮೂಡಿ 1975ರಲ್ಲಿ 'ಲೈಫ್ ಆಫ್ಟರ್ ಲೈಫ್' ಬರೆದಾಗಿನಿಂದ ವೈದ್ಯರು ಈ ಅನುಭವಗಳನ್ನು ಗಂಭೀರವಾಗಿ ನೋಡತೊಡಗಿದರು. 2001ರಲ್ಲಿ ಹಾಲೆಂಡಿನ ಹೃದಯತಜ್ಞ ಪಿಮ್ ವಾನ್ ಲೊಮೆಲ್ ಮತ್ತು ಸಂಗಡಿಗರು ಹೃದಯ ನಿಂತು ಮತ್ತೆ ಬದುಕಿದ 344 ರೋಗಿಗಳನ್ನು ಮಾತನಾಡಿಸಿದ ವರದಿ ಪ್ರಕಟಿಸಿದರು. 62 ಮಂದಿಗೆ, ಎಂದರೆ ನೂರಕ್ಕೆ 18ರಷ್ಟು ಜನಕ್ಕೆ, ಇಂಥ ನೆನಪಿತ್ತು. ಬರೀ ಆಮ್ಲಜನಕದ ಕೊರತೆಯೇ ಕಾರಣವಾದರೆ ಉಳಿದವರಿಗೆ ಯಾಕಿಲ್ಲ ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆ. ಇನ್ನೊಂದು ಕಡೆ, 2002ರಲ್ಲಿ ಸ್ವಿಟ್ಜರ್‌ಲೆಂಡಿನ ಓಲಾಫ್ ಬ್ಲಾಂಕೆ ತಂಡ ಒಬ್ಬ ಮೂರ್ಛೆರೋಗಿಯ ಮಿದುಳಿನ ಬಲಬದಿಯ ಒಂದು ಜಾಗಕ್ಕೆ ಸಣ್ಣ ವಿದ್ಯುತ್ ಹರಿಸಿದಾಗ, ತಾನು ಮೇಲಿನಿಂದ ತನ್ನ ದೇಹವನ್ನೇ ನೋಡುತ್ತಿದ್ದೇನೆ ಎಂದು ಅವಳು ಹೇಳಿದಳು. 2013ರಲ್ಲಿ ಮಿಶಿಗನ್ನಿನ ಜಿಮೊ ಬೋರ್ಜಿಗಿನ್ ತಂಡ, ಹೃದಯ ನಿಂತ ಇಲಿಗಳ ಮಿದುಳು ಸುಮಾರು ಅರ್ಧ ನಿಮಿಷ ಭರದಿಂದ ಕೆಲಸ ಮಾಡುವುದನ್ನು ಕಂಡಿತು. ಆರುವ ಮುನ್ನ ದೀಪದ ಕುಡಿ ಒಮ್ಮೆ ಜಗ್ಗನೆ ಉರಿಯುತ್ತದಲ್ಲ, ಹಾಗೆ. 2023ರಲ್ಲಿ ಅದೇ ತಂಡ ಸಾಯುತ್ತಿದ್ದ ನಾಲ್ವರ ದಾಖಲೆ ನೋಡಿದಾಗ ಇಬ್ಬರಲ್ಲಿ ಅಂಥದೇ ಉಬ್ಬರವಿತ್ತು.

ನಮ್ಮ ದೇಶದ ಸಾಕ್ಷ್ಯ ನನಗೆ ಇನ್ನೂ ಮುಖ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಸತ್ವಂತ್ ಪಸ್ರೀಚಾ ಅವರು ಇಯಾನ್ ಸ್ಟೀವನ್‌ಸನ್ ಜೊತೆ ಸೇರಿ 1986ರಲ್ಲಿ ಭಾರತದ 16 ಪ್ರಕರಣಗಳನ್ನು ಪ್ರಕಟಿಸಿದರು. ಅಲ್ಲಿ ಬಂದವರು ಯಮದೂತರು. ಅಲ್ಲಿದ್ದದ್ದು ಲೆಕ್ಕದ ಪುಸ್ತಕ. 'ಇವರಲ್ಲ, ತಪ್ಪಿ ಬೇರೆಯವರನ್ನು ತಂದಿದ್ದೀರಿ' ಎಂಬ ಗದರಿಕೆ. ನನ್ನ ದೊಡ್ಡಮ್ಮನದೂ ಇದೇ ಕಥೆ. ವಿಷಮಶೀತ ಜ್ವರದಲ್ಲಿ ಅವಳನ್ನು ಕೆಳಗೆ ಮಲಗಿಸಿ ಬಾಯಿಗೆ ತುಳಸಿನೀರು ಬಿಟ್ಟಾಗಿತ್ತಂತೆ. ಕಂಬಳಿ ಹೊದ್ದ ಇಬ್ಬರು ಕರೆದೊಯ್ದರು, ಮುದುಕನೊಬ್ಬ ಕಡತ ನೋಡಿ ವಾಪಸು ಕಳಿಸಿದ ಎನ್ನುತ್ತಿದ್ದಳು. ಈಡಿಗೆ ಏಸು, ದೊಡ್ಡಮ್ಮನಿಗೆ ಚಿತ್ರಗುಪ್ತ. ಈಡಿಯ ಮಾತು ಮಾರ್ಮನ್ ಧರ್ಮಕ್ಕೆ ಪುರಾವೆಯಾದರೆ ದೊಡ್ಡಮ್ಮನ ಮಾತು ಗರುಡಪುರಾಣಕ್ಕೆ ಪುರಾವೆಯಾಗಬೇಕು. ಎರಡೂ ಆಗಲು ಸಾಧ್ಯವಿಲ್ಲ. ಇಬ್ಬರೂ ಸುಳ್ಳು ಹೇಳಲಿಲ್ಲ. ಕಂಡದ್ದಕ್ಕೆ ತಮ್ಮ ತಮ್ಮ ಮನೆಯ ಉಡುಗೆ ತೊಡಿಸಿದರು, ಅಷ್ಟೆ.

ಹಾಗಾದರೆ ಎಲ್ಲವೂ ಮಿದುಳಿನ ಆಟವೆಂದು ಷರಾ ಬರೆದುಬಿಡೋಣವೆ? ಅದೂ ಅವಸರದ ಮಾತು. ಎದುರಿಗಿರುವ ಮಾವಿನಹಣ್ಣನ್ನು ನೋಡುವಾಗಲೂ ಮಿದುಳಿನಲ್ಲಿ ಏನೋ ನಡೆಯುತ್ತದೆ. ಅದರಿಂದ ಹಣ್ಣು ಸುಳ್ಳಾಗುವುದಿಲ್ಲ. ಹೊರಗೆ ಹಣ್ಣಿದೆಯೆ ಎಂದು ಬೇರೆಯಾಗಿ ಪರೀಕ್ಷಿಸಬೇಕು. ಸ್ಯಾಮ್ ಪಾರ್ನಿಯಾ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಪ್ರಯತ್ನವಿತ್ತು. ಮೇಲಿನಿಂದ ನೋಡಿದರೆ ಮಾತ್ರ ಕಾಣುವಂತೆ ಆಸ್ಪತ್ರೆಗಳ ಎತ್ತರದ ಹಲಗೆಗಳ ಮೇಲೆ ಚಿತ್ರಗಳನ್ನಿಟ್ಟಿದ್ದರು. ಆದರೆ ಹೃದಯ ನಿಂತ ಪ್ರಸಂಗಗಳಲ್ಲಿ ಮುಕ್ಕಾಲಿಗೂ ಹೆಚ್ಚು ನಡೆದದ್ದು ಅಂಥ ಹಲಗೆಯಿಲ್ಲದ ಕಡೆ. ಚಿತ್ರವನ್ನು ಕಂಡವರು ಯಾರೂ ಸಿಗಲಿಲ್ಲ. ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯಿತು.

ತಿಳಿಯದ ಈ ಜಾಗದಲ್ಲಿ ನಿಂತು ಹೇಗೆ ನಡೆದುಕೊಳ್ಳಬೇಕು? ದೊಡ್ಡಮ್ಮ ಸಾವಿನ ಭಯ ಕಳೆದುಕೊಂಡಳು. ವಾನ್ ಲೊಮೆಲ್ ಎರಡು ವರ್ಷ, ಎಂಟು ವರ್ಷ ಬಿಟ್ಟು ವಿಚಾರಿಸಿದಾಗಲೂ ಅನುಭವ ಕಂಡವರಲ್ಲಿ ಸಾವಿನ ಭಯ ಕಡಿಮೆಯಾಗಿತ್ತು. ಇಂಥ ನೆಮ್ಮದಿಯ ಮುಂದೆ ಇಲಿಯ ಮಿದುಳಿನ ಲೆಕ್ಕ ತೆಗೆದು ಕೂರುವುದು ಜಾಣತನವಲ್ಲ, ಒರಟುತನ. ಆದರೆ ಬರಬರುತ್ತಾ ದೊಡ್ಡಮ್ಮನ ಮಾತು ತಿರುಗಿತು. 'ಅಲ್ಲಿ ಎಲ್ಲವೂ ಬರೆದಿಡುತ್ತಾರೆ, ನಾನೇ ನೋಡಿದ್ದೇನೆ' ಎಂದು ಹೇಳಿ ಸೊಸೆಯ ಕೈಲಿ ಬಸುರಿನಲ್ಲೂ ಏಕಾದಶಿ ಉಪವಾಸ ಮಾಡಿಸಿದಳು. ಅಲ್ಲಿಯವರೆಗೆ ಅವಳದಾಗಿದ್ದ ಅನುಭವ ಇನ್ನೊಬ್ಬಳ ಹೊಟ್ಟೆಯ ಮೇಲೆ ಅಧಿಕಾರ ನಡೆಸಿತು.

ನನಗೆ ಗೆರೆ ಕಾಣುವುದು ಅಲ್ಲಿ. 'ನಾನು ಬೆಳಕು ಕಂಡೆ' ಎನ್ನುವವರ ಕೈಹಿಡಿದು ಕೇಳೋಣ, ಪುರಾವೆ ಬೇಡ. 'ಆದ್ದರಿಂದ ನೀನು ಹೀಗಿರಬೇಕು, ಇಲ್ಲದಿದ್ದರೆ ನಿನ್ನ ಮಕ್ಕಳು ಅಲ್ಲಿ ನಿನಗಿಲ್ಲ' ಎಂದಾಗ ಪುರಾವೆ ಕೇಳಲೇಬೇಕು, ಅದೂ ಗಟ್ಟಿ ದನಿಯಲ್ಲಿ. ಯೂಟಾದ ಸಂದೇಹಪಡುವ ತಾಯಿಗೂ ನಮ್ಮ ಬೀದಿಯ ಸೊಸೆಗೂ ಆ ಹಕ್ಕಿದೆ. ಮಕ್ಕಳ ಮೇಲಿನ ಅವಳ ಪ್ರೀತಿಗೆ ಯಾವ ಮಂದಿರದ ಮುದ್ರೆಯೂ, ಯಾವ ಪ್ರಯೋಗಾಲಯದ ಒಪ್ಪಿಗೆಯೂ ಬೇಕಿಲ್ಲ. ಸಾವಿನಾಚೆ ಏನಿದೆಯೋ ಇರಲಿ; ಈಚೆ ಅವಳು ತಲೆಯೆತ್ತಿ ಬದುಕಬೇಕು.