ಇಂದಿನ ಧಮ್ಮ ಚಿಂತನೆ: ತುಕ್ಕಿಗೂ ಕಾರಣವಿದೆ, ಕಡಿಮೆ ಅಂಕಕ್ಕೂ ಕಾರಣವಿದೆ





ಸಖರಾಯಪಟ್ಟಣದಿಂದ ಬೆಳಗ್ಗೆ ಕಡೂರಿಗೋ ಚಿಕ್ಕಮಗಳೂರಿಗೋ ಬಸ್ ಹತ್ತುವ ನಮ್ಮ ಮಕ್ಕಳಲ್ಲಿ ಕೆಲವರು ಬಿ.ಎಸ್ಸಿ. ಮೊದಲ ಸೆಮಿಸ್ಟರಿನಲ್ಲಿದ್ದಾರೆ. ಮೊದಲ ಟೆಸ್ಟಿನಲ್ಲಿ ಕೆಮಿಸ್ಟ್ರಿ ಅಂಕ ಕಡಿಮೆ ಬಂದರೆ ಮನೆಯಲ್ಲಿ ಎರಡು ಮಾತು ಏಳುತ್ತವೆ. "ನಮ್ಮ ಹಣೇಲಿ ಬರೆದಿಲ್ಲ" ಎನ್ನುವುದು ಒಂದು. "ಸೈನ್ಸ್ ನಮ್ಮಂಥೋರಿಗಲ್ಲ, ಬಿಟ್ಟುಬಿಡು" ಎನ್ನುವುದು ಇನ್ನೊಂದು. ಇವೆರಡನ್ನೂ ಇಂದು ಧಮ್ಮದ ಬೆಳಕಿನಲ್ಲಿ ನೋಡೋಣ.

ಶಾಲೆಯಲ್ಲೇ ಮಾಡಿಸುವ ಒಂದು ಪ್ರಯೋಗವಿದೆ. ಮೂರು ಗಾಜಿನ ನಳಿಕೆ, ಮೂರರಲ್ಲೂ ಕಬ್ಬಿಣದ ಮೊಳೆ. ಒಂದರಲ್ಲಿ ನೀರೂ ಇದೆ, ಗಾಳಿಯೂ ಇದೆ. ಎರಡನೆಯದರಲ್ಲಿ ಕುದಿಸಿ ಗಾಳಿ ಹೊರಹಾಕಿದ ನೀರು, ಅದರ ಮೇಲೆ ಎಣ್ಣೆಯ ಪದರ. ಮೂರನೆಯದರಲ್ಲಿ ಒಣ ಗಾಳಿ ಮಾತ್ರ. ಕೆಲವು ದಿನ ಬಿಟ್ಟು ನೋಡಿದರೆ ಮೊದಲನೆಯ ಮೊಳೆಗಷ್ಟೇ ತುಕ್ಕು. ನೀರು, ಆಮ್ಲಜನಕ ಎರಡೂ ಕೂಡಿದರೆ ತುಕ್ಕು ಹಿಡಿಯುತ್ತದೆ. ಒಂದನ್ನು ತಪ್ಪಿಸಿದರೆ ಇಲ್ಲ. ಕುಡುಗೋಲಿಗೆ ಎಣ್ಣೆ ಸವರಿ ಸೂರಿಗೆ ಸಿಕ್ಕಿಸುವ ನಮ್ಮ ತಾಯಂದಿರಿಗೆ ಇದು ಗೊತ್ತಿರುವುದೇ.

ಭಗವಾನ್ ಬುದ್ಧರು ತೋರಿಸಿದ ಪಟಿಚ್ಚಸಮುಪ್ಪಾದದ ತಿರುಳೂ ಇದೇ. ಯಾವುದೂ ತಾನಾಗಿ ಬರುವುದಿಲ್ಲ, ಯಾರೂ ಹಣೆಯ ಮೇಲೆ ಬರೆದು ಕಳಿಸುವುದಿಲ್ಲ. ಕಾರಣಗಳು ಕೂಡಿದಾಗ ಫಲ. ಕಾರಣ ತೆಗೆದರೆ ಫಲವೂ ಇಲ್ಲ. ಹಿಂದಿನ ಜನ್ಮದ ಕರ್ಮವೇ ಇಂದಿನ ಸ್ಥಿತಿ ಎಂಬ ವಾದವನ್ನು ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಒಪ್ಪದಿದ್ದುದು ಇದಕ್ಕೇ.

ಹಾಗಾದರೆ ಅಂಕ ಕಡಿಮೆಯಾಗಲು ಕಾರಣವೇನು? ಹತ್ತನೇ ತರಗತಿವರೆಗೆ 'ಪರಮಾಣು', 'ಆಮ್ಲ', 'ಪ್ರತ್ಯಾಮ್ಲ' ಎಂದು ಓದಿದ ಮಗು ಈಗ ಅದನ್ನೇ ಆಟಂ, ಆಸಿಡ್, ಬೇಸ್ ಎಂದು ಓದಬೇಕು. ಬಸ್ಸಿನಲ್ಲಿ ಹೊತ್ತು ಹೋಗುತ್ತದೆ. ಮೋಲ್ ಲೆಕ್ಕ ಒಂದು ದಿನ ತಪ್ಪಿದರೆ ಮುಂದಿನ ಪಾಠವೂ ತಿಳಿಯುವುದಿಲ್ಲ. ಕೇಳೋಣವೆಂದರೆ ಮನೆಯಲ್ಲಿ ಓದಿದವರಿಲ್ಲ. ಇವು ಕಾರಣಗಳು, ಬಂಧುಗಳೇ. ಇದರಲ್ಲಿ ಹುಟ್ಟು ಎಲ್ಲಿದೆ? ಹಣೆಬರಹ ಎಲ್ಲಿದೆ?

ವಿದ್ಯಾರ್ಥಿಗಳಿಗೆ ಒಂದು ಮಾತು. ಲ್ಯಾಬಿನಲ್ಲಿ ಟೈಟ್ರೇಷನ್ ಮಾಡುವಾಗ ಬ್ಯೂರೆಟ್ಟಿನಿಂದ ಕೊನೆಕೊನೆಗೆ ಒಂದೊಂದೇ ಹನಿ ಬಿಡಬೇಕು. ಆತುರಪಟ್ಟರೆ ತಿಳಿ ಗುಲಾಬಿ ಬಣ್ಣ ದಾಟಿ ಕಡುಗುಲಾಬಿಯಾಗುತ್ತದೆ, ಮತ್ತೆ ಮೊದಲಿಂದ. ಈ ತಾಳ್ಮೆಯೇ ಸಮ್ಯಕ್ ವ್ಯಾಯಾಮ. ರೀಡಿಂಗ್ ಹೊಂದದಿದ್ದಾಗ ಪಕ್ಕದವರದನ್ನು ನೋಡಿ ಬರೆಯುವ ಆಸೆ ಬರುತ್ತದೆ. ಆಗ ಪಂಚಶೀಲದ ನಾಲ್ಕನೆಯ ಶೀಲ ನೆನಪಿರಲಿ: ಸುಳ್ಳಾಡುವುದಿಲ್ಲ. ಕಂಡದ್ದನ್ನು ಕಂಡಂತೆ ರೆಕಾರ್ಡಿನಲ್ಲಿ ಬರೆಯುವುದೂ ಶೀಲಪಾಲನೆಯೇ. ಪುಸ್ತಕದಲ್ಲಿದೆ, ಗುರು ಹೇಳಿದರು ಎಂದಷ್ಟಕ್ಕೇ ನಂಬಬೇಡಿ, ಪರೀಕ್ಷಿಸಿ ಎಂದು ಕಾಲಾಮರಿಗೆ ಭಗವಾನರು ತಿಳಿಸಿದ್ದನ್ನು ಲ್ಯಾಬಿನಲ್ಲಿ ಕೈಯಾರೆ ಮಾಡುತ್ತೀರಿ.

ಆರ್ಟ್ಸ್ ಕೀಳೆಂದು ಯಾರೂ ತಿಳಿಯಬಾರದು. ಬಾಬಾಸಾಹೇಬರು ಓದಿದ್ದೇ ಅರ್ಥಶಾಸ್ತ್ರ, ಕಾನೂನು. ಆದರೆ ಇಷ್ಟಪಟ್ಟು ಹೋಗುವುದು ಬೇರೆ, "ನಮ್ಮಂಥೋರಿಗಲ್ಲ" ಎಂದು ಹಿಂದೆ ಸರಿಯುವುದು ಬೇರೆ. ಶಾಲೆಯಲ್ಲಿ ಅವರಿಗೆ ಸಂಸ್ಕೃತ ಓದಲು ಬಿಡದೆ ಪರ್ಷಿಯನ್ ತೆಗೆದುಕೊಳ್ಳುವಂತೆ ಮಾಡಿದರು. ಮುಂದೆ ಅವರೇ 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಕಟ್ಟಿ, 1946ರಲ್ಲಿ ಮುಂಬಯಿಯಲ್ಲಿ ಕಾಲೇಜು ತೆರೆದರು. ಅಲ್ಲಿ ವಿಜ್ಞಾನಕ್ಕೂ ಜಾಗವಿತ್ತು. ಹೆಸರು ಸಿದ್ಧಾರ್ಥ ಕಾಲೇಜು. ನಾಗಪುರದ ದೀಕ್ಷೆಗೆ ಹತ್ತು ವರ್ಷ ಮೊದಲೇ ಅವರು ಬುದ್ಧರ ಹೆಸರನ್ನು ಇಟ್ಟದ್ದು ಒಂದು ಕಾಲೇಜಿಗೆ!

ಇಂದಿನ ಸಂಕಲ್ಪ:
🔹 ತಂದೆತಾಯಿಗಳು "ಹಣೆಬರಹ" ಎನ್ನುವ ಬದಲು "ಎಲ್ಲಿ ತಿಳೀಲಿಲ್ಲಪ್ಪ?" ಎಂದು ಕೇಳಲಿ.
🔹 ನಮ್ಮಲ್ಲಿ ಸೈನ್ಸ್ ಓದಿದವರು ವಾರಕ್ಕೆ ಒಂದು ಗಂಟೆ ಒಂದು ಮಗುವಿಗೆ ಕೊಡಲಿ.
🔹 ವಿದ್ಯಾರ್ಥಿಗಳು ದಿನಕ್ಕೆ ಐದು ಇಂಗ್ಲಿಷ್ ಪದ, ಪಕ್ಕದಲ್ಲಿ ಕನ್ನಡ ಅರ್ಥ ಬರೆದುಕೊಳ್ಳಲಿ.

ಒಂದು ಕಾರಣ ತೆಗೆದರೂ ಸಾಕು, ಫಲ ಬದಲಾಗುತ್ತದೆ.

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ, ಜೈ ಭೀಮ್ 💙